ಅಧಿಕಾರಸಂಯೋಗದ ಧರ್ಮಾಧರ್ಮ

ಒಬ್ಬನೇ ಮನುಷ್ಯನು ಎರಡು ಅಧಿಕಾರಗಳನ್ನು ವಹಿಸಿಕೊಳ್ಳುವುದು ಲೋಕದಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ಸಣ್ಣ ಊರುಗಳಲ್ಲಿ ಶಾಲೆಯ ಉಪಾಧ್ಯಾಯರೇ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಕಾಲವೊಂದಿದ್ದಿತು. ಕಾಗದಗಳಿಗೆ ಮುದ್ರೆಯೊತ್ತುವುದಕ್ಕೂ ಮಕ್ಕಳಿಂದ ಮಗ್ಗಿ ಹೇಳಿಸುವುದಕ್ಕೂ ಪರಸ್ಪರ ವಿರೋಧವಿಲ್ಲವಾದ ಕಾರಣ, ಆ ಏರ್ಪಾಟಿನಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಆದರೆ ಅದೇ ಊರಿನಲ್ಲಿ ಕಂದಾಯ ವಸೂಲು ಮಾಡುವ ಪಟೇಲನು ಶಾನುಭೋಗನ ಲೆಕ್ಕವನ್ನೂ ತಾನೇ ಬರೆಯುತ್ತೇನೆಂದು ಹೊರಟಿದ್ದರೆ ಊರಿನ ಹಿರಿಯರು ಸುಮ್ಮನಿರುತ್ತಿರಲಿಲ್ಲ. ಪಟೇಲನು ಅಪ್ರಾಮಾಣಿಕನೆಂಬುದಲ್ಲ ಅವರ ಆಕ್ಷೇಪಣೆ. ಹಣವನ್ನು ಮುಟ್ಟುವ ಕೈ ಬೇರೆ, ಮುಟ್ಟಿದುದನ್ನು ಬರೆಯುವ ಕೈ ಬೇರೆ ಎಂಬ ವಿವೇಕವು ಯಾವ ರಾಜ್ಯಶಾಸ್ತ್ರವನ್ನೂ ಓದದ ಹಳ್ಳಿಗರಿಗೂ ಸಹಜವಾಗಿದ್ದಿತು. ವಂಶಪಾರಂಪರ್ಯವಾದ ಆ ಗ್ರಾಮಾಧಿಕಾರಗಳು 1961ರ ಶಾಸನದಿಂದ ರದ್ದಾದುವು. ಆ ವಿವೇಕವು ರದ್ದಾಗಲಿಲ್ಲ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿಯೂ ಆದಾಯವನ್ನು ಕೂಡಿಸುವ ಸಮಾಹರ್ತನು ಒಬ್ಬ, ಕೂಡಿದುದನ್ನು ಕಾಯುವ ಸನ್ನಿಧಾತನು ಮತ್ತೊಬ್ಬ.

ಹಾಗಾದರೆ ಎಂತಹ ಅಧಿಕಾರಗಳನ್ನು ಒಬ್ಬನಲ್ಲಿ ಕೂಡಿಸಬಹುದು, ಎಂತಹವುಗಳನ್ನು ಕೂಡಿಸಬಾರದು? ಮೇಲ್ನೋಟಕ್ಕೆ ಇದು ಸಂಬಳ ಸಾರಿಗೆಗಳಿಗೆ ಸಂಬಂಧಪಟ್ಟ, ಕಚೇರಿಯ ಗೋಡೆಗಳ ಒಳಗೇ ಮುಗಿದುಹೋಗತಕ್ಕ ಪ್ರಶ್ನೆ. ಸ್ವಲ್ಪ ಆಳವಾಗಿ ಪರಾಂಬರಿಸಿದರೆ ಇದು ಧರ್ಮಪ್ರಶ್ನೆಯೆಂದು ತೋರುವುದು. ಏಕೆಂದರೆ ಇಲ್ಲಿ ವಿಚಾರಕ್ಕೆ ಬರುವುದು ಕೆಲಸದ ಭಾರವಲ್ಲ, ಮನಸ್ಸಾಕ್ಷಿಯ ಭಾರ. ತನ್ನ ಕೃತ್ಯಕ್ಕೆ ತಾನೇ ಸಾಕ್ಷಿಯಾಗಿಯೂ ತಾನೇ ನಿರ್ಣಾಯಕನಾಗಿಯೂ ಇರಬೇಕೆಂದು ಒಬ್ಬ ಸಜ್ಜನನಿಗೆ ವಿಧಿಸುವ ಹಕ್ಕು ಸಮಾಜಕ್ಕೆ ಉಂಟೆ?

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕೌಂಟಿಗಳಿಗಿಂತ ತಕ್ಕ ಕ್ಷೇತ್ರವು ದೊರೆಯಲಾರದು. ನಮ್ಮ ಜಿಲ್ಲೆಗೆ ಒಂದು ಬಗೆಯಲ್ಲಿ ಸಮಾನವೆನ್ನಬಹುದಾದ ಈ ವಿಭಾಗಗಳು ಆ ದೇಶದಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಇವೆ. ಆದರೆ ನಮ್ಮ ಜಿಲ್ಲೆಗೆ ಮೇಲಿನಿಂದ ಬಂದ ಒಬ್ಬ ಅಧಿಕಾರಿ ಮುಖ್ಯಸ್ಥನಾದರೆ, ಅಲ್ಲಿಯ ಕೌಂಟಿಗೆ ಬಹುಕಾಲ ಮುಖ್ಯಸ್ಥನೆಂಬವನೇ ಇರಲಿಲ್ಲ. ಶಾಂತಿಪಾಲನೆಗೂ ಸೆರೆಮನೆಗೂ ಷೆರೀಫ, ಅಸಹಜಮರಣಗಳ ವಿಚಾರಣೆಗೆ ಕರೊನರ, ಹಣಕ್ಕೆ ಖಜಾಂಚಿ, ಲೆಕ್ಕಕ್ಕೆ ತನಿಖೆದಾರ, ಆಸ್ತಿಗಳ ಬೆಲೆ ಕಟ್ಟಿ ತೆರಿಗೆಯನ್ನು ಗೊತ್ತುಮಾಡುವುದಕ್ಕೆ ಒಬ್ಬ, ವಸೂಲು ಮಾಡುವುದಕ್ಕೆ ಇನ್ನೊಬ್ಬ, ದಸ್ತಾವೇಜುಗಳ ನೋಂದಣಿಗೆ ಮಗುದೊಬ್ಬ, ಸರ್ಕಾರದ ಪರವಾಗಿ ಅಪರಾಧಗಳನ್ನು ನಡೆಸುವ ವಕೀಲನೊಬ್ಬ, ಹೀಗೆ ಒಂದು ಸಾಲು. ಇವರಲ್ಲಿ ಬಹುಮಂದಿ ಜನರಿಂದ ನೇರವಾಗಿ ಚುನಾಯಿತರಾದವರು. ಒಬ್ಬರು ಇನ್ನೊಬ್ಬರ ಮಾತನ್ನು ಕೇಳಬೇಕಾದ ಕಟ್ಟಿಲ್ಲ. ಇವರ ಜೊತೆಗೆ ಮೇಲ್ವಿಚಾರಕರ ಮಂಡಲಿಯೊಂದು. ಅದು ಹಣವನ್ನು ಮಂಜೂರು ಮಾಡುವುದು, ಇವರ ಮೇಲೆ ಪೂರ್ಣವಾದ ಅಧಿಕಾರವನ್ನು ನಡೆಸಲಾರದು. ಗಿಲ್ಬರ್ಟ್‌ಸನ್ ಎಂಬ ಗ್ರಂಥಕರ್ತನು 1917ರಲ್ಲಿ ಕೌಂಟಿಯನ್ನು ಕುರಿತು ಬರೆದ ಪುಸ್ತಕದ ಹೆಸರಿನಲ್ಲಿಯೇ ಅದನ್ನು ಅಮೆರಿಕಾದ ರಾಜಕಾರಣದ ಕಗ್ಗತ್ತಲ ಖಂಡವೆಂದು ಕರೆದುದು ಸುಮ್ಮನೆ ಅಲ್ಲ.

ಈ ಬಹುನಾಯಕತ್ವಕ್ಕೆ ಹಿನ್ನೆಲೆಯಾದ ತತ್ತ್ವವೊಂದುಂಟು. ಅಧ್ಯಕ್ಷ ಆಂಡ್ರೂ ಜಾಕ್ಸನ್ನನು 1829ರಲ್ಲಿ ಕಾಂಗ್ರೆಸ್ಸಿಗೆ ಕಳುಹಿಸಿದ ಮೊದಲನೆಯ ವಾರ್ಷಿಕ ಸಂದೇಶದಲ್ಲಿ, ಸಾರ್ವಜನಿಕ ಅಧಿಕಾರಗಳ ಕೆಲಸವು ಬುದ್ಧಿಯುಳ್ಳ ಯಾರೇ ಆಗಲಿ ಮಾಡಬಹುದಾದಷ್ಟು ಸರಳವಾದುದೆಂದೂ, ಒಬ್ಬನೇ ದೀರ್ಘಕಾಲ ಅಧಿಕಾರದಲ್ಲಿರುವುದರಿಂದ ಆಗುವ ಲಾಭಕ್ಕಿಂತ ಹಾನಿಯೇ ಹೆಚ್ಚೆಂದೂ ವಾದಿಸಿದ್ದನು. ಆ ಕಾಲದ ಗಾಳಿ ಬೀಸಿದೆಡೆಯಲ್ಲೆಲ್ಲ ಚಿಕ್ಕ ದೊಡ್ಡ ಅಧಿಕಾರಗಳೆಲ್ಲ ಚುನಾವಣೆಯ ಪಟ್ಟಿಗೆ ಏರಿದುವು. ಜನರು ತಮ್ಮ ಆಳುಗಳನ್ನು ತಾವೇ ಆರಿಸಿಕೊಳ್ಳುವುದು ಶೋಭನವಾದ ಮಾತೇ ಸರಿ. ಆದರೆ ಚುನಾವಣೆಯ ಪಟ್ಟಿಯು ಮೊಳದುದ್ದವಾದಾಗ ಕೊನೆಯ ಹೆಸರುಗಳವರನ್ನು ಮತದಾರನು ನೋಡಿಯೂ ಇರುವುದಿಲ್ಲ, ಕೇಳಿಯೂ ಇರುವುದಿಲ್ಲ. ಅರಿಯದವನನ್ನು ಆರಿಸುವುದಕ್ಕೆ ಆಯ್ಕೆಯೆಂದು ಹೆಸರಿಡುವುದು ಭಾಷೆಗೆ ಮಾಡುವ ಅಪಚಾರ.

ಕಾಲಕ್ರಮದಲ್ಲಿ ಎರಡು ಬಗೆಯ ತಿದ್ದುಪಡಿಗಳು ನಡೆದುವು. ಕೆಲವು ಅಧಿಕಾರಗಳನ್ನು ಚುನಾವಣೆಯಿಂದ ತೆಗೆದು ನೇಮಕಕ್ಕೆ ಬಿಡುವುದು ಒಂದು. ಎರಡು ಮೂರು ಅಧಿಕಾರಗಳನ್ನು ಒಬ್ಬನಲ್ಲಿಯೇ ಕೂಡಿಸುವುದು ಇನ್ನೊಂದು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಈ ಎರಡೂ ಉಂಟು. ಅಲ್ಲಿಯ ಸಂವಿಧಾನವು ಪ್ರತಿ ಕೌಂಟಿಯಲ್ಲಿಯೂ ಷೆರೀಫ, ಸರ್ಕಾರೀ ವಕೀಲ, ತೆರಿಗೆಯ ನಿರ್ಧಾರಕ, ಆಡಳಿತ ಮಂಡಲಿ, ಇಷ್ಟನ್ನು ಚುನಾಯಿತವಾಗಿಯೇ ಇರತಕ್ಕುದೆಂದು ವಿಧಿಸಿ ಉಳಿದುದಕ್ಕೆ ಎಡೆಗೊಟ್ಟಿದೆ. ಯಾವ ಯಾವ ಅಧಿಕಾರಗಳನ್ನು ಜೋಡಿಸಬಹುದೆಂಬ ಉದ್ದನೆಯ ಯಾದಿಯೊಂದು ಅಲ್ಲಿಯ ಶಾಸನಸಂಪುಟದಲ್ಲಿದೆ. ಅದರಂತೆ ಮೇಲ್ವಿಚಾರಕರ ಮಂಡಲಿಯು ಒಂದು ನಿಬಂಧನೆಯನ್ನು ಮಾಡಿ ಅಧಿಕಾರಗಳನ್ನು ಕೂಡಿಸಬಲ್ಲುದು, ಕೂಡಿಸಿದುದನ್ನು ಬೇರ್ಪಡಿಸಲೂ ಬಲ್ಲುದು.

ಇದಕ್ಕೆ ಕಾರಣವೂ ನ್ಯಾಯವಾದುದೇ. 2020ರ ಜನಗಣತಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿಗೆ ಮೀರಿದ ಜನರಿದ್ದರು. ಅದೇ ಸಂಸ್ಥಾನದ ಪರ್ವತಪ್ರದೇಶದ ಆಲ್ಪೈನ್ ಕೌಂಟಿಯಲ್ಲಿ ಇದ್ದವರು 1,204 ಮಂದಿ. ನಮ್ಮ ಕಡೆಯ ಒಂದು ಸಾಧಾರಣ ಗ್ರಾಮದಷ್ಟು ಜನವಿರುವೆಡೆಯಲ್ಲಿ ಹತ್ತು ಹನ್ನೆರಡು ಅಧಿಕಾರಿಗಳು ಹತ್ತು ಹನ್ನೆರಡು ಮೇಜುಗಳ ಹಿಂದೆ ಕುಳಿತರೆ ಆಳುವವರಾರು, ಆಳಿಸಿಕೊಳ್ಳುವವರಾರು? ಅಲ್ಲಿ ಗುಮಾಸ್ತೆಯೇ ನೋಂದಣಿಯನ್ನು ನೋಡಿಕೊಂಡರೆ ಧರ್ಮಕ್ಕೇನೂ ಲೋಪವಿಲ್ಲ. ಖಜಾಂಚಿಯು ತೆರಿಗೆಯ ವಸೂಲಿಯನ್ನೂ ಮಾಡಬಹುದು. ಎರಡೂ ಹಣವನ್ನು ಮುಟ್ಟುವ ಕೆಲಸಗಳೇ, ಎರಡನ್ನೂ ನೋಡುವ ತನಿಖೆದಾರನು ಬೇರೆ ಇದ್ದರೆ ಸಾಕು. ಇಂತಹ ಜೋಡಣೆಗಳನ್ನು ಕುರಿತು ಹೆಚ್ಚು ಹೇಳತಕ್ಕುದಿಲ್ಲ. ತೊಡಕು ಇರುವುದು ಒಂದೇ ಜೋಡಿಯಲ್ಲಿ: ಷೆರೀಫ ಮತ್ತು ಕರೊನರ. ಕ್ಯಾಲಿಫೋರ್ನಿಯಾದ 58 ಕೌಂಟಿಗಳ ಪೈಕಿ ನಲವತ್ತಕ್ಕೂ ಮೇಲ್ಪಟ್ಟು ಕೌಂಟಿಗಳು ಈ ಎರಡನ್ನು ಒಬ್ಬನಲ್ಲಿ ಕೂಡಿಸಿದುವು.

ಈ ಜೋಡಿಯ ಪೂರ್ವಚರಿತ್ರೆಯನ್ನು ಬಲ್ಲವರಿಗೆ ಇದೊಂದು ವಿಚಿತ್ರವಾದ ವಿವಾಹವೆಂದು ತೋರದಿರದು. ಇಂಗ್ಲೆಂಡಿನಲ್ಲಿ ಷೆರೀಫನೆಂದರೆ ಷೈರಿನಲ್ಲಿ ರಾಜನ ಪ್ರತಿನಿಧಿ. ದಂಡನೆ, ವಸೂಲಿ, ಸೆರೆ, ಸೇನೆ ಎಲ್ಲವೂ ಅವನ ಕೈಯಲ್ಲಿದ್ದುವು. ಎಲ್ಲವೂ ಇದ್ದುದರಿಂದಲೇ ಅವನ ಕೈಯೂ ಉದ್ದವಾಗುತ್ತ ಬಂದಿತು. ಎರಡನೆಯ ಹೆನ್ರಿಯು ನಾಲ್ಕು ವರ್ಷ ಸಮುದ್ರದಾಚೆಯಿದ್ದು 1170ರಲ್ಲಿ ಹಿಂದಿರುಗಿದಾಗ ಷೆರೀಫರ ಮೇಲಿನ ದೂರುಗಳನ್ನು ವಿಚಾರಣೆ ಮಾಡಿಸಿ ಅವರಲ್ಲಿ ಬಹುಮಂದಿಯನ್ನು ಪದಚ್ಯುತಗೊಳಿಸಿದನು. ಆದರೆ ಮನುಷ್ಯರನ್ನು ಬದಲಾಯಿಸಿದ ಮಾತ್ರಕ್ಕೆ ಪದವಿಯ ಸ್ವಭಾವವು ಬದಲಾಗಲಿಲ್ಲ. 1194ರಲ್ಲಿ, ಒಂದನೆಯ ರಿಚರ್ಡನ ಕಾಲದಲ್ಲಿ, ಪ್ರಧಾನ ನ್ಯಾಯಾಧಿಕಾರಿಯಾದ ಹ್ಯೂಬರ್ಟ್ ವಾಲ್ಟರನ ಆಡಳಿತವು ಬೇರೊಂದು ಉಪಾಯವನ್ನು ಹೂಡಿತು. ಪ್ರತಿ ಕೌಂಟಿಯಲ್ಲಿಯೂ ಮೂವರು ವೀರಭಟರನ್ನೂ ಒಬ್ಬ ಲೇಖಕನನ್ನೂ ಆರಿಸಿ, ಅರಸನಿಗೆ ಸೇರಿದ ವ್ಯಾಜ್ಯಗಳನ್ನು ಕಾದಿಡುವ ಕೆಲಸವನ್ನು ಅವರಿಗೆ ಒಪ್ಪಿಸತಕ್ಕುದೆಂದು ಆಜ್ಞೆಯಾಯಿತು. ಅವರೇ ಕರೊನರರು. ಯಾರಾದರೂ ಹಠಾತ್ತಾಗಿ ಸತ್ತರೆ ಶವವನ್ನು ನೋಡಿ, ನೆರೆಯವರಿಂದ ಪ್ರಮಾಣ ಮಾಡಿಸಿ, ಕಂಡುದನ್ನು ಸುರುಳಿಯಲ್ಲಿ ಬರೆದಿಡುವುದು ಅವರ ಕೆಲಸ. ಅದೇ ಆಜ್ಞೆಯಲ್ಲಿ ಷೆರೀಫನು ತನ್ನ ಕೌಂಟಿಯಲ್ಲಿ ತಾನೇ ನ್ಯಾಯಾಧೀಶನಾಗಕೂಡದೆಂಬ ವಿಧಿಯೂ ಇದ್ದಿತು. ಅರಸನಿಗೆ ಸತ್ತವರ ಮೇಲಿನ ಕರುಣೆಗಿಂತ ಬೊಕ್ಕಸದ ಮೇಲಿನ ಪ್ರೀತಿಯೇ ಹೆಚ್ಚಾಗಿದ್ದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಪರಾಧಿಗಳ ಸೊತ್ತು ಅರಸನಿಗೆ ಸಲ್ಲಬೇಕಾಗಿದ್ದು, ಅದು ಷೆರೀಫನ ಚೀಲದಲ್ಲಿ ನಿಂತುಹೋಗದಂತೆ ಕಾಯುವ ಕಣ್ಣೊಂದು ಬೇಕಾಗಿದ್ದಿತು. ಕಾರಣವು ಹೇಗೇ ಇರಲಿ, ಕರೊನರನು ಹುಟ್ಟಿದುದು ಷೆರೀಫನಿಗೆ ಎದುರುಕಣ್ಣಾಗಿ. ಇಂಡಿಯಾನಾ ಸಂಸ್ಥಾನದಲ್ಲಿ ಆ ಹಳೆಯ ಸಂಬಂಧದ ಕುರುಹು ಈಗಲೂ ಉಳಿದಿದೆ: ಅಲ್ಲಿ ಷೆರೀಫನ ಮೇಲೆಯೇ ದಸ್ತಗಿರಿಯ ವಾರಂಟು ಹೊರಟರೆ ಅದನ್ನು ಜಾರಿಮಾಡತಕ್ಕವನು ಕರೊನರ. ಇಬ್ಬರನ್ನೂ ಒಂದೇ ಅಂಗಿಯೊಳಗೆ ಸೇರಿಸಿದ ಕೌಂಟಿಯಲ್ಲಿ ಆ ಕೆಲಸವನ್ನು ಮಾಡಬೇಕಾದರೆ ಆ ಮಹಾಶಯನು ಕನ್ನಡಿಯ ಮುಂದೆ ನಿಲ್ಲಬೇಕಾದೀತು.

ಕರೊನರನ ಕೈಯಲ್ಲಿರುವ ಅಧಿಕಾರವು ಎಷ್ಟು ಚಿಕ್ಕದು, ಎಷ್ಟು ಘೋರವಾದುದು ಎಂಬುದನ್ನು ಇಲ್ಲಿ ಗಮನಿಸಬೇಕು. ಮರಣಪತ್ರದಲ್ಲಿ ಎರಡು ಬೇರೆ ಬೇರೆ ನಿರ್ಣಯಗಳಿರುತ್ತವೆ. ದೇಹಕ್ಕೆ ಏನಾಯಿತು, ಉಸಿರು ಕಟ್ಟಿತೋ ಹೃದಯ ನಿಂತಿತೋ ಗುಂಡು ತಗುಲಿತೋ, ಎಂಬುದು ಕಾರಣ. ಅದು ಹೇಗೆ ಒದಗಿತು, ಸ್ವಾಭಾವಿಕವೋ, ಆಕಸ್ಮಿಕವೋ, ಆತ್ಮಹತ್ಯೆಯೋ, ಪರಹಸ್ತದಿಂದಾದುದೋ, ನಿರ್ಣಯಿಸಲಾಗದುದೋ, ಎಂಬುದು ರೀತಿ. ಪರಹಸ್ತದಿಂದಾದ ಮರಣವೆಂದ ಮಾತ್ರಕ್ಕೆ ಅದು ಅಪರಾಧವೆಂದಾಗಲಿಲ್ಲ. ಇನ್ನೊಬ್ಬನ ಕೃತ್ಯದಿಂದ ಸಾವು ಬಂದಿತೆಂದಷ್ಟೇ ಅದರ ಅರ್ಥ. ಕ್ಯಾಲಿಫೋರ್ನಿಯಾದಲ್ಲಿ 2017ರ ಆರಂಭದಿಂದ ಜಾರಿಗೆ ಬಂದ ಶಾಸನದಂತೆ ಶವಪರೀಕ್ಷೆಯನ್ನು ವೈದ್ಯನೇ ಮಾಡತಕ್ಕುದು. ಮೃತನನ್ನು ವಶದಲ್ಲಿಟ್ಟುಕೊಂಡಿದ್ದ ಪೋಲೀಸಿನವರು ಪರೀಕ್ಷೆಯ ಕೊಠಡಿಯನ್ನು ಹೊಗತಕ್ಕುದಲ್ಲ. ಒಳ್ಳೆಯ ನಿಯಮ. ಆದರೆ ರೀತಿಯನ್ನು ನಿರ್ಣಯಿಸುವ ಆ ಒಂದು ಮಾತು ವೈದ್ಯನೊಡನೆ ಆಲೋಚಿಸಿದ ಮೇಲೆ ಕರೊನರನದಾಗಿಯೇ ಉಳಿಯಿತು. ಈಗ ಷೆರೀಫನ ಸೆರೆಮನೆಯಲ್ಲಿ, ಷೆರೀಫನ ಸಿಪಾಯಿಗಳ ಹಿಡಿತದಲ್ಲಿ ಒಬ್ಬನು ಸತ್ತನೆನ್ನೋಣ. ಆ ಸಾವು ಆಕಸ್ಮಿಕವೋ ಪರಹಸ್ತದಿಂದಾದುದೋ ಎಂದು ಬರೆಯತಕ್ಕವನೂ ಷೆರೀಫನೇ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲವೆಂಬ ಗಾದೆಯನ್ನು ಮಾಡಿದ ನಮ್ಮ ಹೆಂಗಸರಿಗೆ ಈ ವಿಷಯವನ್ನು ವಿವರಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಪಾತ್ರೆ ಒಡೆದುದು ನಿಜ. ಅದು ಕೈಜಾರಿತೋ, ಎತ್ತಿ ಹಾಕಿದುದೋ ಎಂಬುದನ್ನು ಹೇಳುವ ಹಕ್ಕು ಅತ್ತೆಯದೇ ಆದಾಗ ಸೊಸೆಯು ನುಂಗಿಕೊಳ್ಳುವ ಮಾತೆಷ್ಟು!

ಇದು ಕೇವಲ ತರ್ಕವಾಗಿ ಉಳಿಯಲಿಲ್ಲ. ಸ್ಟಾಕ್ಟನ್ ನಗರವು ಮುಖ್ಯಸ್ಥಳವಾಗಿರುವ ಸಾನ್ ಹ್ವಾಕಿನ್ ಕೌಂಟಿಯಲ್ಲಿ ಷೆರೀಫ-ಕರೊನರನ ಕೈಕೆಳಗೆ ಬೆನೆಟ್ ಒಮಾಲು ಎಂಬ ವೈದ್ಯನು ಶವಪರೀಕ್ಷೆಯ ಮುಖ್ಯಸ್ಥನಾಗಿದ್ದನು. ನೈಜೀರಿಯಾದಲ್ಲಿ ಹುಟ್ಟಿದ ಈತನು ಅಮೆರಿಕಾದ ಕಾಲ್ಚೆಂಡಾಟಗಾರರ ಮೆದುಳಿಗೆ ಪದೇ ಪದೇ ಬೀಳುವ ಪೆಟ್ಟಿನಿಂದಾಗುವ ರೋಗವನ್ನು 2002ರಲ್ಲಿ ಒಬ್ಬ ಆಟಗಾರನ ಶವಪರೀಕ್ಷೆಯಿಂದ ಕಂಡುಹಿಡಿದು, ಪ್ರಬಲವಾದ ಆಟದ ಸಂಘದ ವಿರೋಧವನ್ನು ಎದುರಿಸಿ ಪ್ರಸಿದ್ಧನಾದವನು. 2017ರ ಡಿಸೆಂಬರಿನಲ್ಲಿ ಈತನೂ ಸಹೋದ್ಯೋಗಿಯಾದ ಇನ್ನೊಬ್ಬ ವೈದ್ಯೆಯೂ ರಾಜೀನಾಮೆಯನ್ನಿತ್ತರು. ಪೋಲೀಸರ ವಶದಲ್ಲಿ ಸಂಭವಿಸಿದ ಸಾವುಗಳ ವಿಷಯದಲ್ಲಿ ಷೆರೀಫನು ತಮ್ಮ ವೈದ್ಯಕೀಯ ಅಭಿಪ್ರಾಯಕ್ಕೆ ಕೈಹಾಕುತ್ತಾನೆ, ಪರಹಸ್ತದಿಂದಾದುದೆಂದು ತಾವು ಕಂಡುದನ್ನು ಆಕಸ್ಮಿಕವೆನ್ನುತ್ತಾನೆ ಎಂಬುದು ಅವರ ಆಪಾದನೆ. ಷೆರೀಫನು ಅದನ್ನು ಅಲ್ಲಗಳೆದನು. ಯಾರ ಮಾತು ನಿಜವೆಂಬುದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ತೀರ್ಮಾನಿಸದೆಯೇ ಗ್ರಹಿಸಬೇಕಾದ ಅಂಶವೊಂದಿದೆ. ಷೆರೀಫನು ಪೂರ್ಣವಾಗಿ ನಿರ್ದೋಷಿಯಾಗಿದ್ದರೂ ತನ್ನ ನಿರ್ದೋಷತ್ವವನ್ನು ತೋರಿಸುವ ದಾರಿಯು ಅವನಿಗಿರಲಿಲ್ಲ. ಆಕಸ್ಮಿಕವಾದುದನ್ನೇ ಆಕಸ್ಮಿಕವೆಂದು ಅವನು ಬರೆದರೂ ಸತ್ತವನ ತಾಯಿ ಅದನ್ನು ನಂಬಲಾರಳು. ನಂಬದಿದ್ದುದಕ್ಕಾಗಿ ಆಕೆಯನ್ನು ತಪ್ಪೆನ್ನಲಾಗದು.

ಅಧಿಕಾರಗಳನ್ನು ಬೇರ್ಪಡಿಸಬೇಕೆಂಬ ವಾದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವು ದುಷ್ಟರ ಭಯ. ಬೇಲಿಯೇ ಹೊಲವನ್ನು ಮೇಯುವುದೆಂಬ ಗಾದೆಯನ್ನು ಇಂತಹ ಕಡೆ ಎತ್ತಿ ಆಡುವುದು ರೂಢಿ. ಆದರೆ ಆ ಗಾದೆಯು ಕೆಟ್ಟ ಬೇಲಿಯನ್ನು ಕುರಿತದ್ದು. ದುಷ್ಟನಾದ ಅಧಿಕಾರಿಯನ್ನು ಹಿಡಿಯುವುದಕ್ಕೆ ಬೇರೆ ಉಪಾಯಗಳೂ ಉಂಟು. ದುಷ್ಟರಿಬ್ಬರು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತೂ ಒಳಗೊಳಗೆ ಕೂಡಿಕೊಳ್ಳಬಹುದು. ನಿಜವಾದ ತೊಡಕು ಒಳ್ಳೆಯ ಬೇಲಿಯದು. ಸಜ್ಜನನಾದ ಷೆರೀಫನು ತನ್ನ ಸಿಪಾಯಿಗಳನ್ನು ಮಕ್ಕಳಂತೆ ಕಾಣುವನು. ಅವರು ರಾತ್ರಿಯ ಹೊತ್ತು ಎದುರಿಸುವ ಅಪಾಯವನ್ನು ಬಲ್ಲನು. ಅವರ ಹೆಂಡಿರು ಮಕ್ಕಳ ಹೆಸರುಗಳನ್ನೂ ಬಲ್ಲನು. ಹೀಗೆ ಬಲ್ಲವನಾಗಿರುವುದು ಅವನ ಪದವಿಗೆ ಭೂಷಣ. ಕರೊನರನ ಪದವಿಯು ಅವನಿಂದ ಬೇಡುವುದಾದರೋ ಇದಕ್ಕೆ ತದ್ವಿರುದ್ಧವಾದುದನ್ನು: ಯಾರನ್ನೂ ಅರಿಯದವನಂತೆ, ಮಾತು ಸತ್ತ ಆ ಒಬ್ಬನ ಪರವಾಗಿ ಮಾತ್ರ ನೋಡಬೇಕೆಂಬುದನ್ನು. ಒಂದು ಪದವಿಯ ಗುಣವು ಇನ್ನೊಂದು ಪದವಿಯ ದೋಷವಾಗುವೆಡೆಯಲ್ಲಿ ಎರಡನ್ನೂ ಕೂಡಿಸಿದರೆ, ಸಜ್ಜನನು ಯಾವುದೋ ಒಂದು ಧರ್ಮಕ್ಕೆ ತಪ್ಪಲೇಬೇಕು. ತಪ್ಪಿದೆನೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಪಕ್ಷಪಾತವು ದ್ರೋಹದ ವೇಷದಲ್ಲಿ ಬರುವುದಿಲ್ಲ, ನಿಷ್ಠೆಯ ವೇಷದಲ್ಲಿ ಬರುವುದು.

ಹೀಗೆಂದರೆ ಪ್ರಾಮಾಣಿಕನಾದ ಅಧಿಕಾರಿಗೆ ಅವಮಾನ ಮಾಡಿದಂತಾಗುವುದಿಲ್ಲವೆ ಎಂದು ಕೇಳುವವರುಂಟು. ದೇವಸ್ಥಾನದ ಹುಂಡಿಯನ್ನು ನಾಲ್ಕು ಜನರ ಸಮಕ್ಷಮದಲ್ಲಿ ಒಡೆದು ಎಣಿಸುವಾಗ ಪಾರುಪತ್ಯಗಾರನು ಅದನ್ನು ಅವಮಾನವೆಂದು ಬಗೆಯುವುದಿಲ್ಲ. ಎಣಿಕೆಯ ಮಧ್ಯೆ ತಾನೊಬ್ಬನೇ ಇರಬೇಕೆಂದು ಹಟ ಹಿಡಿದರೆ ಆಗ ಅವನ ಮಾನಕ್ಕೆ ಕುಂದು ಬರುವುದು.

ಅಧಿಕಾರಗಳನ್ನು ಕೂಡಿಸಬೇಕೆನ್ನುವವರ ವಾದದಲ್ಲಿ ಮಿತವ್ಯಯಕ್ಕಿಂತ ಬಲವಾದ ಅಂಶವೊಂದುಂಟು. ಅದನ್ನು ನ್ಯಾಯವಾಗಿ ಎದುರಿಸಬೇಕು. ಬಡವನಿಗೆ ಬೇಕಾದುದು ಒಂದು ಬಾಗಿಲು. ಹತ್ತು ಬಾಗಿಲುಗಳಿರುವ ಮನೆಯಲ್ಲಿ ಪ್ರತಿಯೊಬ್ಬನೂ ಪಕ್ಕದ ಬಾಗಿಲನ್ನು ತೋರಿಸುವನು. ಈ ವಾದವು ಕನ್ನಡನಾಡಿಗೆ ಹೊಸದಲ್ಲ. ಬಂಗಾಳದಲ್ಲಿ ಕಾರ್ನ್‌ವಾಲಿಸನು 1793ರಲ್ಲಿ ಕಂದಾಯದ ಕಲೆಕ್ಟರನನ್ನೂ ನ್ಯಾಯಾಧೀಶನನ್ನೂ ಬೇರ್ಪಡಿಸಿದನು. ಆ ಪದ್ಧತಿಯು ಮದರಾಸಿಗೂ ಬಂದಿತು. 1799ರಲ್ಲಿ ಕನ್ನಡ ಜಿಲ್ಲೆಗೂ ಅನಂತರ ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಕ್ಕೂ ಕಲೆಕ್ಟರನಾಗಿ, ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗಿ ರೈತನ ಸ್ಥಿತಿಯನ್ನು ಕಂಡಿದ್ದ ತಾಮಸ್ ಮನ್ರೋ ದೊರೆಗೆ ಅದು ಒಪ್ಪಿಗೆಯಾಗಲಿಲ್ಲ. ದೂರದ ಪಟ್ಟಣದಲ್ಲಿ ಕುಳಿತು ಭಾಷೆಯರಿಯದೆ ಕಾಗದಗಳನ್ನು ತಿರುವುವ ನ್ಯಾಯಾಧೀಶನಿಗಿಂತ, ಹೊಲದ ಬದುವಿನ ಮೇಲೆ ನಿಂತು ಮಾತಾಡುವ ಕಲೆಕ್ಟರನೇ ರೈತನಿಗೆ ಹತ್ತಿರದವನೆಂಬುದು ಅವನ ನಂಬಿಕೆ. ಅವನ ಪ್ರಯತ್ನದಿಂದ 1816ರ ಮದರಾಸಿನ ನಿಬಂಧನೆಗಳು ಮ್ಯಾಜಿಸ್ಟ್ರೇಟನ ಅಧಿಕಾರವನ್ನೂ ಪೋಲೀಸನ್ನೂ ಕಲೆಕ್ಟರನಿಗೆ ಒಪ್ಪಿಸಿದುವು. ಮನ್ರೋವಿನ ಉದ್ದೇಶವನ್ನು ಹಳಿಯುವುದು ಕಷ್ಟ. ಅವನಂತಹ ಮನುಷ್ಯನು ಎಲ್ಲ ಜಿಲ್ಲೆಗಳಿಗೂ ಎಲ್ಲ ಕಾಲಕ್ಕೂ ದೊರೆಯುವಂತಿದ್ದರೆ ಅವನ ಪದ್ಧತಿಯನ್ನು ಹಳಿಯುವುದೂ ಕಷ್ಟವಾಗುತ್ತಿದ್ದಿತು. ಆದರೆ ಹಿಡಿದು ತಂದವನ ಮೇಲಧಿಕಾರಿಯೇ ವಿಚಾರಣೆ ಮಾಡುವವನ ಮೇಲಧಿಕಾರಿಯೂ ಆದ ಆ ಏರ್ಪಾಟು ರಾಷ್ಟ್ರೀಯ ಚಳವಳಿಯ ದೀರ್ಘಕಾಲದ ದೂರಾಯಿತು. 1950ರ ಸಂವಿಧಾನದ ಐವತ್ತನೆಯ ವಿಧಿಯು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸತಕ್ಕುದೆಂದು ನಿರ್ದೇಶಿಸಿತು; 1973ರ ಹೊಸ ದಂಡಪ್ರಕ್ರಿಯಾ ಸಂಹಿತೆಯು 1974ರ ಏಪ್ರಿಲಿನಿಂದ ಜಾರಿಗೆ ಬಂದಾಗ ಅಪರಾಧಗಳನ್ನು ವಿಚಾರಿಸುವ ಮ್ಯಾಜಿಸ್ಟ್ರೇಟರು ಉಚ್ಚ ನ್ಯಾಯಾಲಯದ ಅಧೀನಕ್ಕೆ ಸೇರಿದರು. ರೈತನಿಗೆ ಬಾಗಿಲೊಂದು ಹೆಚ್ಚಾಯಿತು, ದಿಟ. ಒಂದು ಬಾಗಿಲಲ್ಲಿ ಏಟು ತಿಂದವನು ಇನ್ನೊಂದು ಬಾಗಿಲಿಗೆ ಹೋಗಿ ಹೇಳಿಕೊಳ್ಳುವಂತಾಯಿತೆಂಬುದೂ ದಿಟ.

ಇಷ್ಟಾದರೂ ಚುನಾವಣೆಯೆಂಬ ರಕ್ಷೆಯಿರುವಾಗ ಚಿಂತೆಯೇಕೆ, ಷೆರೀಫನು ತಪ್ಪಿದರೆ ಜನರು ಅವನನ್ನು ಕಳೆಯಬಹುದಲ್ಲವೆ ಎಂಬ ಸಮಾಧಾನವನ್ನು ಅಮೆರಿಕನರು ಬಹಳವಾಗಿ ನೆಚ್ಚುತ್ತಾರೆ. ಸಾನ್ ಹ್ವಾಕಿನ್ ಕೌಂಟಿಯ ಷೆರೀಫನು 2018ರ ಜೂನ್ ತಿಂಗಳ ಚುನಾವಣೆಯಲ್ಲಿ ಸೋತದ್ದೂ ನಿಜ. ಆದರೆ ಚುನಾವಣೆಯು ಮನುಷ್ಯನನ್ನು ಕಳೆಯುವುದು, ಪದವಿಯ ಕಟ್ಟನ್ನು ಕಳೆಯಲಾರದು. ಅದಕ್ಕಿಂತ ಮುಖ್ಯವಾಗಿ, ಜನರು ಅರಿತು ಕಳೆಯಬೇಕಾದರೆ ಅವರಿಗೆ ಅರಿವನ್ನು ಕೊಡತಕ್ಕವನೊಬ್ಬನು ಬೇರೆ ಇರಬೇಕು. ಆರೆಂಜ್ ಕೌಂಟಿಯ ಕಥೆಯು ಇದಕ್ಕೆ ನಿದರ್ಶನ. ರಾಬರ್ಟ್ ಸಿಟ್ರನ್ ಎಂಬವನು ಅಲ್ಲಿ ಬಹುಕಾಲ ಚುನಾಯಿತನಾದ ಖಜಾಂಚಿ. ಬಡ್ಡಿಯ ದರವು ಏರುವುದಿಲ್ಲವೆಂಬ ಭರವಸೆಯ ಮೇಲೆ ಸಾಲ ತಂದು ಹಣ ಹೂಡಿ ಕೌಂಟಿಗೆ ಒಳ್ಳೆಯ ಲಾಭವನ್ನು ತೋರಿಸುತ್ತಿದ್ದನು. 1994ರ ಜೂನಿನಲ್ಲಿ ಅವನಿಗೆ ಎದುರಾಗಿ ನಿಂತ ಲೆಕ್ಕಿಗನೊಬ್ಬನು ಈ ಆಟವು ಅಪಾಯದ್ದೆಂದು ಸಾರಿ ಹೇಳಿದನು. ಜನರು ಸಿಟ್ರನನನ್ನೇ ಮರಳಿ ಆರಿಸಿದರು. ಆ ವರ್ಷವೇ ಡಿಸೆಂಬರ್ 6ನೆಯ ತಾರೀಖು ಕೌಂಟಿಯು ದಿವಾಳಿಯೆಂದು ಅರ್ಜಿ ಹಾಕಿಕೊಂಡಿತು. ನಷ್ಟವು ನೂರಾ ಅರವತ್ತು ಕೋಟಿ ಡಾಲರುಗಳಿಗೆ ಮಿಕ್ಕಿದ್ದಿತು. ಲಾಭವು ಬರುತ್ತಿರುವಷ್ಟು ಕಾಲ ಲೆಕ್ಕವನ್ನು ಕೇಳುವವರು ವಿರಳ; ಇದರಲ್ಲಿ ಆ ದೇಶದವರಿಗೂ ಈ ದೇಶದವರಿಗೂ ಭೇದವಿಲ್ಲ.

ಹಾಗೆಂದು ಎಲ್ಲವನ್ನೂ ನೇಮಕಕ್ಕೆ ಬಿಟ್ಟರೆ ತೀರಿತೆಂದೂ ಅಲ್ಲ. ನೇಮಿಸುವ ಕೈಗೆ ತೆಗೆಯುವ ಶಕ್ತಿಯೂ ಉಂಟು. ಶವಪರೀಕ್ಷೆಗೆ ಬೇಕಾದುದು ಶಾಸ್ತ್ರಜ್ಞಾನ. ಶಾಸ್ತ್ರಜ್ಞಾನವನ್ನು ಮತಗಳಿಂದ ಅಳೆಯಲಾಗದು. ಮಾಸಾಚುಸೆಟ್ಸ್ ಸಂಸ್ಥಾನವು 1877ರಲ್ಲಿಯೇ ಕರೊನರನ ಪದವಿಯನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ನೇಮಕವಾದ ವೈದ್ಯಪರೀಕ್ಷಕರನ್ನು ಇರಿಸಿತು. ಆದರೆ ಆ ವೈದ್ಯನನ್ನು ಯಾರು ನೇಮಿಸಬೇಕೆಂಬಲ್ಲಿ ಎಚ್ಚರ ತಪ್ಪಿದರೆ ಪದವಿಯನ್ನು ಬೇರ್ಪಡಿಸಿಯೂ ಪ್ರಯೋಜನವಿಲ್ಲ. ಸಾನ್ ಹ್ವಾಕಿನ್ನಿನ ವೈದ್ಯರಿಗೆ ವಿದ್ಯೆಯ ಕೊರತೆಯಿರಲಿಲ್ಲ. ಅವರ ವಿದ್ಯೆಯು ಷೆರೀಫನ ಕಚೇರಿಯೊಳಗಿನ ವಿದ್ಯೆಯಾಗಿದ್ದಿತು. ಯಾರ ಮೇಲೆ ಕಣ್ಣಿಡಬೇಕೋ ಅವನಿಂದ ನೇಮಕವಾಗಿರಬಾರದು ಎಂಬಿಷ್ಟು ಸಿದ್ಧಿಸಿದರೆ ಚುನಾವಣೆಯೋ ನೇಮಕವೋ ಎಂಬ ಜಗಳದ ಅರ್ಧ ಬಿಸಿ ಆರುವುದು.

2018ರ ಏಪ್ರಿಲಿನಲ್ಲಿ ಸಾನ್ ಹ್ವಾಕಿನ್ನಿನ ಮೇಲ್ವಿಚಾರಕರ ಮಂಡಲಿಯು ಕರೊನರನ ಕೆಲಸವನ್ನು ಷೆರೀಫನಿಂದ ಬಿಡಿಸಿ ಸ್ವತಂತ್ರನಾದ ವೈದ್ಯಪರೀಕ್ಷಕನಿಗೆ ಒಪ್ಪಿಸತಕ್ಕುದೆಂದು ಗೊತ್ತುಮಾಡಿತು. ಅದೇ ವರ್ಷ, ಐದು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ಕೌಂಟಿಗಳಲ್ಲೆಲ್ಲ ಹೀಗೆಯೇ ಆಗಬೇಕೆಂಬ ಮಸೂದೆಯು ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಅಂಗೀಕೃತವಾಗಿ ಹೊರಟಿತು. ಗವರ್ನರ್ ಜೆರ್ರಿ ಬ್ರೌನನು ಅದಕ್ಕೆ ರುಜು ಹಾಕಲಿಲ್ಲ. ಯಾವ ಏರ್ಪಾಟು ತಮಗೆ ತಕ್ಕುದೆಂಬುದನ್ನು ಕೌಂಟಿಗಳೇ ಆರಿಸಿಕೊಳ್ಳಲೆಂಬುದು ಅವನ ನಿಲುವು. ಸ್ಥಳೀಯ ಸ್ವಾತಂತ್ರ್ಯವು ದೊಡ್ಡ ಮಾತು. ಆದರೆ ಆರಿಸಿಕೊಳ್ಳುವವರು ಯಾರೆಂದು ನೋಡಿದರೆ, ಹಣವನ್ನು ಉಳಿಸಬೇಕೆಂದಿರುವ ಮಂಡಲಿ ಮತ್ತು ಅಧಿಕಾರವನ್ನು ಉಳಿಸಿಕೊಳ್ಳಬೇಕೆಂದಿರುವ ಷೆರೀಫ. ಸೆರೆಮನೆಯಲ್ಲಿ ಸಾಯಬಹುದಾದವರಿಗೆ ಆ ಆಯ್ಕೆಯಲ್ಲಿ ಪಾಲಿಲ್ಲ. ಆಗ ಜಾರಿಯಲ್ಲಿದ್ದ ಶಾಸನದಲ್ಲಿ, ಷೆರೀಫ-ಕರೊನರನು ಇಚ್ಛೆಪಟ್ಟರೆ ತನಗೆ ಸಂಬಂಧಪಟ್ಟ ಮರಣದ ವಿಚಾರಣೆಯನ್ನು ಬೇರೊಂದು ಕೌಂಟಿಗೆ ವಹಿಸಬಹುದೆಂದಿದ್ದಿತು. ಇಚ್ಛೆಪಡತಕ್ಕವನು ಯಾರೆಂಬುದನ್ನು ವಾಚಕರು ಗಮನಿಸಬೇಕು.

ಉಳಿದಿರುವುದು ಆಲ್ಪೈನಿನಂತಹ ಪುಟ್ಟ ಕೌಂಟಿಯ ಕಷ್ಟ. ಸಾವಿರದಿನ್ನೂರು ಜನಕ್ಕೆ ಒಬ್ಬ ಶವಪರೀಕ್ಷಕನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದು ವಿವೇಕವಲ್ಲ. ಅಂತಹ ಕಡೆ ಪದವಿಗಳನ್ನು ಕೂಡಿಸದೆ ಗತಿಯಿಲ್ಲವೆಂದು ತೋರುವುದು ಸಹಜ. ವಾಷಿಂಗ್‌ಟನ್ ಸಂಸ್ಥಾನವೂ ಬಹುಕಾಲ ಹಾಗೆಯೇ ಎಣಿಸಿ, ನಲವತ್ತು ಸಾವಿರಕ್ಕಿಂತ ಕಡಮೆ ಜನರುಳ್ಳ ಕೌಂಟಿಗಳಲ್ಲಿ ಸರ್ಕಾರೀ ವಕೀಲನೇ ಕರೊನರನೂ ಆಗಿರತಕ್ಕುದೆಂದು ಇಟ್ಟಿದ್ದಿತು. ಸಾವು ಹೇಗಾಯಿತೆಂದು ಬರೆಯತಕ್ಕವನೇ ಆ ಸಾವಿಗಾಗಿ ಒಬ್ಬನ ಮೇಲೆ ಮೊಕದ್ದಮೆ ಹೂಡತಕ್ಕವನಾದರೆ ಏನಾಗಬಹುದೆಂಬ ಯೋಚನೆಯು ಆ ಸಂಸ್ಥಾನಕ್ಕೆ ತಡವಾಗಿ ಬಂದಿತು. 2021ರಲ್ಲಿ ಮಾಡಿದ ಶಾಸನದಂತೆ, 2025ರ ಜನವರಿ 1ರಿಂದ ಅಲ್ಲಿ ವಕೀಲನು ಕರೊನರನಾಗಿರಕೂಡದು. ಹಣವಿಲ್ಲದ ಪುಟ್ಟ ಕೌಂಟಿಗಳಿಗೆ ತೆರೆದಿಟ್ಟ ದಾರಿಗಳಲ್ಲಿ ಒಂದು ಹೀಗಿದೆ: ನೆರೆಯ ಕೌಂಟಿಯೊಡನೆ ಒಪ್ಪಂದ ಮಾಡಿಕೊಂಡು ಅಲ್ಲಿಯ ಮರಣವಿಚಾರಕನ ಸೇವೆಯನ್ನು ಹಂಚಿಕೊಳ್ಳುವುದು. ಇಲ್ಲಿಯೂ ಸಂಯೋಗವುಂಟು, ಇಲ್ಲಿಯೂ ಮಿತವ್ಯಯವುಂಟು. ಆದರೆ ಕೂಡಿದುದು ಒಂದು ಊರಿನ ಎರಡು ಪದವಿಗಳಲ್ಲ, ಎರಡು ಊರುಗಳ ಒಂದು ಪದವಿ. ಬೆಟ್ಟದಾಚೆಯಿಂದ ಮೋಟಾರಿನಲ್ಲಿ ಬಂದಿಳಿಯುವ ಆ ವೈದ್ಯನಿಗೆ ಸೆರೆಮನೆಯ ಕಾವಲುಗಾರರ ಹೆಸರುಗಳು ತಿಳಿದಿರುವುದಿಲ್ಲ. ಅವನು ಕೊಠಡಿಯನ್ನು ಹೊಕ್ಕು, ಬಾಗಿಲನ್ನು ಮುಚ್ಚಿ, ಹೊದಿಕೆಯನ್ನು ಸರಿಸುವನು.